ನಡೆಯದೇ ಮುಗಿದ ಮೂರನೇ ಸರದಿ

ಮಾನ್ಯ ಆಸ್ಪತ್ರೆ ಅಧೀಕ್ಷಕರೇ,

ಮಗುವಾಗಲೆಂದು ನನ್ನ ಹೆಂಡತಿಗೆ ಮಾಡಬೇಕಿದ್ದ, ಆದರೆ ಮಾಡದ ಚಿಕಿತ್ಸೆಯನ್ನು ಮಾಡಿದ್ದೇವೆಂದು ಬರೆದುಕೊಂಡು ನೀವು ಫೈಲು ಮುಚ್ಚಿದ್ದೀರಿ. ಒಬ್ಬರಿಗೆ ಮೂರೇ ಸಲ ಎಂಬುದು ನಿಮ್ಮ ನಿಯಮ. ಒಪ್ಪಿದೆ. ಎರಡು ಸಲ ಆಯಿತು, ಫಲಿಸಲಿಲ್ಲ, ಅದನ್ನೂ ಒಪ್ಪಿದೆ. ಮೂರನೆಯದು ನಡೆದದ್ದೆಲ್ಲಿ ಸ್ವಾಮಿ?

ನಾನು ಹೊಲಿಗೆ ಯಂತ್ರ ರಿಪೇರಿ ಮಾಡುವವನು. ಶಾಲೆ ಕಂಡದ್ದು ಕಡಿಮೆಯಾದರೂ ನಿಮ್ಮ ಡಾಕ್ಟರಮ್ಮ ಬಿಡಿಸಿ ಹೇಳಿದ್ದು ತಲೆಗೆ ಹತ್ತಿದೆ. ಮಾತ್ರೆ ಕೊಟ್ಟು ಅಂಡ ಬೆಳೆಸುತ್ತಾರೆ. ಸ್ಕ್ಯಾನಿನಲ್ಲಿ ಅದರ ಕೋಶ ಹದಿನೆಂಟು ಮಿಲಿಮೀಟರ್ ದಾಟಿದರೆ ಇಂಜೆಕ್ಷನ್. ಅಲ್ಲಿಂದ ಸುಮಾರು ಮೂವತ್ತಾರು ಗಂಟೆಗೆ ಅಂಡ ಹೊರಬೀಳುತ್ತದೆ. ಆ ಹೊತ್ತಿಗೆ ಸರಿಯಾಗಿ ಗಂಡನ ವೀರ್ಯವನ್ನು ಲ್ಯಾಬಿನಲ್ಲಿ ತೊಳೆದು, ಚುರುಕಾಗಿ ಈಜುವ ವೀರ್ಯಾಣುಗಳನ್ನು ಆರಿಸಿ, ಸಣ್ಣ ನಳಿಕೆಯಲ್ಲಿ ನೇರವಾಗಿ ಗರ್ಭಕೋಶಕ್ಕೆ ಬಿಡುತ್ತಾರೆ. ಐದು ನಿಮಿಷದ ಕೆಲಸ. ಮುಂದಿನ ದಾರಿ ಅವುಗಳದ್ದೇ. ಕೈಹಿಡಿದು ಅಂಡದ ತನಕ ಬಿಟ್ಟುಬರುವವರು ಯಾರೂ ಇಲ್ಲ. ಹತ್ತು ಜನಕ್ಕೆ ಮಾಡಿದರೆ ಒಬ್ಬಿಬ್ಬರಿಗೆ ಬಸಿರು ನಿಲ್ಲುತ್ತದೆಂದೂ ಅವರು ಮುಚ್ಚುಮರೆಯಿಲ್ಲದೆ ಹೇಳಿದ್ದರು.

ಮೂರನೇ ಸರದಿಯ ದಿನ ನನ್ನ ವೀರ್ಯದ ಡಬ್ಬಿ ಸಿದ್ಧವಾದದ್ದು ಒಂಬತ್ತು ಐವತ್ತಕ್ಕೆ. ಒಂದು ಗಂಟೆಯೊಳಗೆ ಲ್ಯಾಬು ಸೇರಬೇಕು, ತಣ್ಣಗಾಗಬಾರದು. ಅಂಗಿಯೊಳಗೆ ಮೈಗೆ ಒತ್ತಿಕೊಂಡು ಲ್ಯಾಬಿನ ಡಬ್ಬಿ ತೆಗೆದುಕೊಳ್ಳುವ ಕಿಟಕಿಗೆ ಓಡಿದೆ.

"ಹೆಂಡತಿ ಸಹಿ ಎಲ್ಲಿ?" ಎಂದರು ಗುಮಾಸ್ತರು.

"ಮೇಲೆ ಹೆಂಗಸರ ವಾರ್ಡಲ್ಲಿದಾಳೆ ಸಾರ್. ನನ್ನ ಒಳಗೆ ಬಿಡಲ್ಲ."

"ಇಬ್ಬರೂ ನನ್ನೆದುರೇ ಹಾಕ್ಬೇಕು. ಆಮೇಲೇ ಡಬ್ಬಿ."

"ಮೊದಲು ಡಬ್ಬಿ ತಗೊಳ್ಳಿ ಸಾರ್, ನಾನೆಲ್ಲೂ ಓಡಿಹೋಗಲ್ಲ."

"ನೀವು ಓಡಲ್ಲ, ಸರಿ. ಇದು ನಿಮ್ಮದೇ ಅಂತ ನಂಗೇನ್ರೀ ಗೊತ್ತು?"

ಕೈಮುಗಿದು ಆಯಾಳನ್ನು ಕಳಿಸಿ, ಲಿಫ್ಟು ಕೆಟ್ಟಿದ್ದರಿಂದ ನನ್ನ ಹೆಂಡತಿ ಮೂರು ಮಹಡಿ ಇಳಿದು ಬರುವಷ್ಟರಲ್ಲಿ ಹನ್ನೊಂದು ದಾಟಿತ್ತು. ಲ್ಯಾಬಿನವರು ಗಡಿಯಾರ ತೋರಿಸಿದರು. ಹೊಸ ಡಬ್ಬಿ ಕೊಡೋಣವೆಂದರೆ ಆ ದಿನದ ಸರದಿ ಮುಗಿದಿತ್ತು, ಮರುದಿನದ ತನಕ ಅಂಡ ಕಾಯುವುದಿಲ್ಲ. ಗುಮಾಸ್ತರು ಮಾತ್ರ ಸಹಿ ಎರಡೂ ಸರಿಯಿದೆಯೆಂದು ತೃಪ್ತರಾಗಿ 'ಚಿಕಿತ್ಸೆ ಪೂರ್ಣ' ಎಂದು ಮೊಹರು ಒತ್ತಿದರು. ನಿಮ್ಮ ಕಚೇರಿಯಲ್ಲಿ ಕಾಗದಕ್ಕೇ ಬಸಿರು ನಿಲ್ಲುತ್ತದೆಯೇ?

ಮೆಟ್ಟಿಲ ಮೇಲೆ ಕೂತು ಅವಳು ಕೇಳಿದಳು: "ರೀ, ನಾನು ಎರಡೆರಡು ಮೆಟ್ಟಿಲು ಹಾರ್ಕೊಂಡು ಬರಬೇಕಿತ್ತಾ?" ಆ ತಪ್ಪನ್ನೂ ಅವಳೇ ಹೊತ್ತುಕೊಂಡಿದ್ದಾಳೆ. ಅವಳಿಗೀಗ ಮೂವತ್ತೊಂಬತ್ತು, ಒಂದು ತಿಂಗಳೂ ಕಳೆಯಬೇಡಿ ಎಂದದ್ದು ನಿಮ್ಮ ಡಾಕ್ಟರಮ್ಮನೇ.

ಆ ಮೊಹರು ರದ್ದು ಮಾಡಿ ಫೈಲು ತೆರೆಯಿರಿ. ಸಹಿಗಳನ್ನು ಇಂಜೆಕ್ಷನ್ ದಿನವೇ ಪಡೆದಿಟ್ಟುಕೊಳ್ಳಿ. ಕಿಟಕಿಯಲ್ಲಿ ಡಬ್ಬಿ ಮೊದಲು ಒಳಹೋಗಲಿ. ಸೋಮವಾರ ಅವಳ ಮಾತ್ರೆ ಶುರುವಾಗಬೇಕು. ಅಂದು ಬೆಳಿಗ್ಗೆ ಒಂಬತ್ತಕ್ಕೆ ನಿಮ್ಮ ಕೋಣೆಯ ಹೊರಗಿನ ಬೆಂಚಿನಲ್ಲಿ ಇಬ್ಬರೂ ಕೂತಿರುತ್ತೇವೆ. ಈ ಸಲ ಬಾಕಿಯಿರುವುದು ನಿಮ್ಮ ಸಹಿ.

ಇಂತಿ,
ನಿಮ್ಮ ದಾಖಲೆಯ ಪ್ರಕಾರ ಇನ್ನು ಕಾಯುವ ಕಾರಣವೇ ಇಲ್ಲದ ಒಬ್ಬ ಗಂಡ