ವೈಬ್ರೇಟರ್ ಬೇಡದ ಕಾಂಕ್ರೀಟ್

ಜನವರಿ 3, ಶನಿವಾರ. ಸಂಜೆ

ಈ ಡೈರಿಯಲ್ಲೂ ಬರೆಯದೆ ಬಿಡುವವಳಿದ್ದೆ — ಇವತ್ತು ನನ್ನ ಹೊಸ ಕಾಂಕ್ರೀಟಿನ ಟ್ರಯಲ್ ಕೆಟ್ಟಾಗ ನನಗೆ ಸಮಾಧಾನವಾಯಿತು.

ಭದ್ರಾವತಿ, ಜಯಕುಮಾರ್ ಅವರ ಯಾರ್ಡ್. ಚರಂಡಿಯ ಸ್ಲ್ಯಾಬ್, ಬಾಕ್ಸ್ ಮಾಡುತ್ತಾರೆ. ನ್ಯೂ ಟೌನ್ ಕಡೆ ಕೆಡವಿದ ಹಳೆ ಮನೆಗಳ ಕಾಂಕ್ರೀಟನ್ನು ಒಡೆಸಿ ಜಲ್ಲಿಯ ಬದಲು ಹಾಕಿದ್ದು. ಸಿಮೆಂಟಿನ ಒಂದು ಪಾಲಿನ ಬದಲು ಹಾರುಬೂದಿ. ಕಂಬಿಗಳ ಸಂದಿಗೆ ತಾನೇ ನುಗ್ಗಬೇಕು, ತಾನೇ ಕೂರಬೇಕು, ಯಾರೂ ಅಲುಗಾಡಿಸಬಾರದು. ಶಿವಮೊಗ್ಗದಲ್ಲಿ, ನಮ್ಮ ಕಾಲೇಜಿನ ಲ್ಯಾಬಲ್ಲಿ, ಹಾಗೇ ಆಗುತ್ತದೆ. ಇಲ್ಲಿ ಉಪ್ಪಿಟ್ಟಿನ ಹಾಗೆ ಕುಳಿತುಬಿಟ್ಟಿತು. ತಪ್ಪು ನನ್ನದೇ... ಹಳೆ ಕಾಂಕ್ರೀಟಿನ ಚೂರು ನೀರು ಕುಡಿಯುತ್ತದೆ. ಲ್ಯಾಬಲ್ಲಿ ಹಿಂದಿನ ದಿನವೇ ನೆನೆಸಿಡುತ್ತೇವೆ. ಇಲ್ಲಿ ರಾಶಿ ಬಿಸಿಲಲ್ಲಿ ಒಣಗಿತ್ತು. ನೋಡದೆ ಹಾಕಿಸಿದೆ.

ಕಾಂಕ್ರೀಟನ್ನು ಅದುರಿಸಿ ಕೂರಿಸುವ ವೈಬ್ರೇಟರ್ ಹೊತ್ತು ಮುರಳಿ ಬಂದ; ಯಾರ್ಡಲ್ಲಿ ಅವನ ಕೆಲಸವೇ ಅದು. "ಬಿಡಿ ಅಕ್ಕಾ, ಅದಕ್ಕೆ ಬರಲ್ಲ ಅಂದ್ರೆ ನಾನಿಲ್ವಾ?" ಗರ್ರ್ ಅಂತ ಇಳಿಸಿದ. ಅಚ್ಚು ತುಂಬಿತು. ಎಲ್ಲ ನಕ್ಕರು. ನಾನೂ.

ಇದು ಗೆದ್ದರೆ ಅವನ ಕೆಲಸ ಹೋಗುತ್ತದೆ. ಅವನಿಗೆ ಹೇಳಿಲ್ಲ.

ಜನವರಿ 10, ಶನಿವಾರ

ನಿನ್ನೆಯೇ ಫೋನ್ ಮಾಡಿ ನೆನೆಸಿಡಲು ಹೇಳಿದ್ದೆ. ನೆನೆಸಿ, ಒದ್ದೆ ಗೋಣಿ ಹೊದಿಸಿದವನು ಮುರಳಿಯೇ.

ತಗಡಿನ ಮೇಲೆ, ಹರಿವು ಅಳೆಯುವ ಕೋನ್‌ಗೆ ಕಾಂಕ್ರೀಟ್ ತುಂಬಿ, ಕೋನ್ ಎತ್ತಿದೆ. ಹರಡಿತು — ದುಂಡಗೆ, ಅಂಚಿನವರೆಗೂ ಸಮನಾಗಿ. ಅಚ್ಚಿಗೆ ಸುರಿದರು. ಕಂಬಿಗಳ ನಡುವೆ ಇಳಿದು, ಮೂಲೆ ಹುಡುಕಿಕೊಂಡು, ಮಟ್ಟವಾಗಿ ನಿಂತಿತು. ವೈಬ್ರೇಟರ್ ಸದ್ದಿಲ್ಲದ ಯಾರ್ಡಲ್ಲಿ ಮೊದಲ ಸಲ ರಸ್ತೆಯ ಬಸ್ಸಿನ ಹಾರ್ನ್ ಕೇಳಿಸಿತು.

"ಕರೆಂಟೂ ಉಳೀತು, ಮುರಳಿ ಸಂಬಳಾನೂ ಉಳೀತು," ಅಂದರು ಜಯಕುಮಾರ್. ತಮಾಷೆಗೆ. ಪೂರ್ತಿ ತಮಾಷೆಗಲ್ಲ.

ಟೀ ಹೊತ್ತಿಗೆ ಮುರಳಿಗೆ ಹೇಳಿದೆ. ನಾನೇ ಮೊದಲು ಹೇಳಬೇಕಿತ್ತು ಅಂತಲೂ.

"ಗೊತ್ತಾಯ್ತು ಅಕ್ಕಾ. ಈ ಕೈಗೂ ಸಾಕಾಗಿದೆ." ಬೆರಳು ತೋರಿಸಿದ. ತುದಿ ಬಿಳಿಚಿಕೊಂಡಿತ್ತು. ವರ್ಷಗಟ್ಟಲೆ ಅದುರಿದ ಕೈ. ಬೆಳಿಗ್ಗೆ ಮುಟ್ಟಿದ್ದೇ ತಿಳಿಯುವುದಿಲ್ಲವಂತೆ. "ಶರ್ಟ್ ಗುಂಡಿ ನನ್ ಹೆಂಡ್ತಿ ಶೀಲಾನೇ ಹಾಕ್ಬೇಕು. ಏನು ಲವ್ವಪ್ಪಾ ಅಂತಾರೆ ಪಕ್ಕದ್ಮನೆಯವ್ರು." ಆಮೇಲೆ, ನಗದೆ — "ಕೆಲ್ಸ ಹೋದ್ರೆ ಶೀಲಾಗೆ ಏನು ಹೇಳ್ಲಿ?"

ಟೀ ಕುಡಿದೆ.

ಜನವರಿ 24

ಕೋನ್ ಈಗ ಮುರಳಿಯ ಕೈಯಲ್ಲಿ. ಕಳೆದ ವಾರ ಕಲಿಸಿದ್ದೆ. ಇವತ್ತು ಒಂದು ಬ್ಯಾಚ್ ಸರಿಯಾಗಿ ಹರಡಲಿಲ್ಲ. "ಇದು ಬೇಡ, ಜಲ್ಲಿ ನೆನೆದಿಲ್ಲ," ಅಂತ ವಾಪಸ್ ಕಳಿಸಿಬಿಟ್ಟ.

"ಇಲ್ಲಿ ಓನರ್ ಯಾರಯ್ಯ?" ಜಯಕುಮಾರ್.

"ಕೋನ್ ಸಾರ್."

ಫೆಬ್ರವರಿ 7, ಶನಿವಾರ

ಜನವರಿ 10ರ ಕಾಂಕ್ರೀಟಿನ ಕ್ಯೂಬ್‌ಗಳು ಇಪ್ಪತ್ತೆಂಟು ದಿನದ ಬಲ ಪರೀಕ್ಷೆಯಲ್ಲಿ ಪಾಸ್. ಎಲ್ಲವೂ! ಲ್ಯಾಬಲ್ಲಿ ಒಬ್ಬಳೇ ಚಪ್ಪಾಳೆ ತಟ್ಟಿದೆ.

ಜಯಕುಮಾರ್‌ಗೆ ಟೆಂಡರ್ ಫೈಲಿಗೆ ರಿಪೋರ್ಟ್ ಬೇಕು. ಸಹಿ, ಸೀಲ್, ರಿಜಿಸ್ಟರ್ಡ್ ಪೋಸ್ಟ್. ಫೋನಲ್ಲಿ ಕೇಳಿದೆ — ಮುರಳಿ ಗತಿ?

"ನೀವು ಬರ್ದಿದ್ದನ್ನ ಮೀರೋ ಹಾಗಿಲ್ಲ ಮೇಡಂ. ಜನ ಬೇಕು ಅಂತ ಬರೀರಿ, ಅವನನ್ನೇ ಇಟ್ಕೋತೀನಿ. ಬರೀದಿದ್ರೆ ನಾನ್ಯಾಕೆ ಇಟ್ಕೊಳ್ಲಿ?"

ಫೆಬ್ರವರಿ 8, ಭಾನುವಾರ

ಬರೆದೆ. ‘ಜಲ್ಲಿ ನೆನೆಸಲು, ಪ್ರತಿ ಬ್ಯಾಚಿನ ಹರಿವು ಪರೀಕ್ಷಿಸಲು, ಕಲಿತ ಒಬ್ಬರು ಪೂರ್ತಿ ಹೊತ್ತು ಇರಲೇಬೇಕು. ಇಲ್ಲದಿದ್ದರೆ ಈ ಮಿಶ್ರಣಕ್ಕೆ ನನ್ನ ಒಪ್ಪಿಗೆ ಇಲ್ಲ.’

ಇದು ಮುರಳಿಗಾಗಿಯೋ, ಕಾಂಕ್ರೀಟಿಗಾಗಿಯೋ? ಅಳಿಸಿದೆ. ಮತ್ತೆ ಯೋಚಿಸಿದೆ... ಮೊದಲ ಟ್ರಯಲ್ ಯಾಕೆ ಕೆಟ್ಟಿತು? ನೋಡುವವರು ಇರಲಿಲ್ಲ. ಆ ಸೋಲನ್ನು ರಿಪೋರ್ಟಿನಲ್ಲಿ ಕಾಣಿಸಿರಲೇ ಇಲ್ಲ ನಾನು. ಈಗ ಸೇರಿಸಿದೆ, ಮೊದಲ ಪುಟದಲ್ಲೇ. ಅದರ ಕೆಳಗೆ ಅಳಿಸಿದ ಸಾಲುಗಳನ್ನು ವಾಪಸ್ ತಂದೆ. ಒಂದಕ್ಷರ ಬದಲಿಸದೆ.

ಸಹಿ ಆಯಿತು. ಕವರ್ ಅಂಟಿಸಿದೆ. ಪೋಸ್ಟ್ ಮಾಡುವುದು ನಾಳೆ, ಸೋಮವಾರ, ಫೆಬ್ರವರಿ 9.