ಉಗುಳಿನ ರಿಪೋರ್ಟು

ಕಳಂಬೋಲಿ
ಭಾನುವಾರ, ೧೬ ನವೆಂಬರ್ ೨೦೨೫

ಅವ್ವಾ, ನಿನ್ನ ಪಾದಕ್ಕೆ ದೂರದಿಂದಲೇ ನಮಸ್ಕಾರ.

ಇದನ್ನು ಅನಸೂಯಾ ನಿನಗೆ ಓದಿ ಹೇಳುತ್ತಿರುತ್ತಾಳೆ. ನೀನು ಅವಳ ಅಡುಗೆಮನೆಯ ಬಾಗಿಲಲ್ಲಿ ಕುಂತು ಮೆಂತ್ಯ ಸೋಸುತ್ತಿರುತ್ತೀ. ಅದನ್ನು ಕೆಳಗಿಡು. ಕೂತು ಬರೆಯುವುದು ನನ್ನಿಂದಾಗುವುದಿಲ್ಲ, ನಿನಗೇ ಗೊತ್ತು. ಮಾರ್ಕೆಟ್ಟಿಗೆ ರಜೆ. ಮುಚ್ಚಿದ ಕಬ್ಬಿಣದ ಗೋದಾಮುಗಳ ನಡುವೆ ಅಡ್ಡಾಡುತ್ತ ಫೋನಿಗೆ ಹೇಳುತ್ತಿದ್ದೇನೆ, ಅದು ಅಕ್ಷರ ಮಾಡಿಕೊಳ್ಳುತ್ತಿದೆ. ಮಾತು ಅಲ್ಲಿಂದಿಲ್ಲಿಗೆ ಹಾರಿದರೆ ಬೈಯಬೇಡ. ನೀನು ಬೈಯುವ ಕಾಲ ಮುಗಿಯಿತು.

ಬುಧವಾರ ಅನಸೂಯಾ ಫೋನ್ ಮಾಡಿದ್ದಳು. ಒಂದು ತಿಂಗಳಿಂದ ನೀನು ಅವಳ ಕೂಸನ್ನು ಎತ್ತುತ್ತಿಲ್ಲವಂತೆ. ದಿಶಾ ಅತ್ತರೆ ದೂರ ನಿಂತು ಚಪ್ಪಾಳೆ ತಟ್ಟುತ್ತೀಯಂತೆ. ಮುದ್ದು ಕೊಡುವುದಂತೂ ಇಲ್ಲವೇ ಇಲ್ಲ. ಯಾಕಬೇ ಅಂತ ಕೇಳಿದ್ದಕ್ಕೆ, "ನನ್ನ ಉಗುಳಿನ್ಯಾಗ ಅದು ಐತಿ. ಸಂಗ್ಯಾಗ ನನ್ನಿಂದನ ಹತ್ತೇತಿ. ಈ ಕೂಸಿಗೂ ಹತ್ತೂದು ಬ್ಯಾಡ" ಅಂದೆಯಂತೆ. ಅವಳು ಅಳುತ್ತಿದ್ದಳು. ನನಗೆ ನಗು ಬಂತು. ಉಗುಳನ್ನು ಪರೀಕ್ಷೆಗೆ ಕಳಿಸಿದ್ದೆ ಅಂದಿದ್ದಕ್ಕೆ, ರೋಗ ಉಗುಳಿನಲ್ಲೇ ಇದೆ ಅಂದುಕೊಂಡೆಯಲ್ಲ!

"ನಿನ್ನ ಮಾತಾದ್ರ ಕೇಳ್ತಾಳ, ಒಂದಿಷ್ಟು ತಿಳಿಸಿ ಹೇಳೋ ಅಣ್ಣಾ" ಅಂದಳು ಅನಸೂಯಾ. ಹೇಳುತ್ತೇನೆ. ಆದರೆ ಮೊದಲಿನಿಂದ ಹೇಳುತ್ತೇನೆ.

ಕಲ್ಯಾಣದಲ್ಲಿ ನೀನು ಬಿಲ್ಡಿಂಗ್ ಕೆಲಸಕ್ಕಿದ್ದಾಗ ನನಗೆ ಆರು ವರ್ಷ. ಇಟ್ಟಿಗೆ ರಾಶಿಯ ಹಿಂದೆ ಸೀರೆಯ ಜೋಲಿ ಕಟ್ಟಿ, ತಂಗಿಯನ್ನು ತೂಗುತ್ತಿರು ಅಂದಿದ್ದೆ. ನಾನು ಸಿಮೆಂಟ್ ಕಲಸುವ ಮಶೀನ್ ತಿರುಗುವುದನ್ನು ನೋಡಲು ಹೋದೆ. ಅನಸೂಯಾ ಜಲ್ಲಿಯ ಮೇಲೆ ಬಿದ್ದಳು. ಸಂಜೆ ನೀನು ಕಬ್ಬಿಣದ ಸೌಟು ಕಾಯಿಸಿ ನನ್ನ ಎಡಗೈಗೆ ಇಟ್ಟೆ. "ಇನ್ನ ನೆಪ್ಪು ಉಳಿತೈತಿ ನೋಡು" ಅಂದೆ. ಉಳಿದಿದೆ ಅವ್ವಾ. ಅರ್ಧ ತೋಳಿನ ಅಂಗಿ ನಾನು ಹಾಕಿದ್ದು ನೋಡಿದ್ದೀಯಾ?

ಹೋದ ವರ್ಷ ಡೊಂಬಿವಲಿಗೆ ಹೋಗಬೇಕಾದ ಕಬ್ಬಿಣದ ಸಳಿಗಳ ಲಾರಿಯನ್ನು ಎರಡು ಸಲ ಬೇರೆ ಕಡೆ ಕಳಿಸಿದೆ. ಹಿತೇಶ್ ಸೇಠ್ ಎಲ್ಲರ ಎದುರು, "ಅರೆ ಸಂಗಮ, ತಲೆ ಊರಲ್ಲೇ ಬಿಟ್ಟು ಬಂದಿಯಾ? ಕೊರಿಯರ್‌ನಲ್ಲಿ ತರಿಸಿಕೋ" ಅಂದರು. ಹಮಾಲರೆಲ್ಲ ನಕ್ಕರು. ಆಮೇಲೆ ನಾನು ನೌಪಾಡಾದ ಡಾಕ್ಟರ ಹತ್ತಿರ ಹೋದೆ. ಮೂರು ಸಲ ಕೂರಿಸಿ ಕೇಳಿದರು, ಬರೆಯ ಗುರುತನ್ನೂ ನೋಡಿದರು. ಇದು ಎಡಿಎಚ್‌ಡಿ, ಗಮನ ಒಂದು ಕಡೆ ನಿಲ್ಲದ ತೊಂದರೆ, ಸೊಕ್ಕಲ್ಲ, ಸೋಮಾರಿತನವಲ್ಲ, ದೊಡ್ಡವರಿಗೂ ಇರುತ್ತದೆ, ಮನೆತನದಲ್ಲಿ ಹರಿದು ಬರುವುದುಂಟು ಅಂದರು. ಗುಳಿಗೆ ಕೊಟ್ಟರು.

ಜೀನ್ ಪರೀಕ್ಷೆ ನಾನಾಗಿ ಮಾಡಿಸಿದ್ದು. ಫೋನಿನಲ್ಲಿ ಜಾಹೀರಾತು ಬಂತು, ಉಗುಳು ತುಂಬಿ ಕಳಿಸುವ ನಳಿಗೆ ತರಿಸಿದೆ. ರಿಪೋರ್ಟು ತೋರಿಸಿದಾಗ ಡಾಕ್ಟರು, ಇದರಿಂದ ರೋಗ ಇದೆ ಇಲ್ಲ ಅಂತ ಹೇಳಲಾಗದು, ಕೆಲವರಿಗೆ ಔಷಧ ಹೇಗೆ ಹಿಡಿಸುತ್ತದೆ ಅನ್ನುವುದಕ್ಕೆ ಸ್ವಲ್ಪ ಸುಳಿವು ಸಿಗಬಹುದು ಅಷ್ಟೇ ಅಂದರು. ನಾನು ಮಾತ್ರ ಅದನ್ನು ಪಂಚಾಂಗದ ಹಾಗೆ ಹಿಡಿದೆ. ಚಹಾ ಇವನ ಮೈಯಲ್ಲಿ ಬಹಳ ಹೊತ್ತು ನಿಲ್ಲುತ್ತದೆ ಅಂತ ಬರೆದಿತ್ತು, ಮಧ್ಯಾಹ್ನದ ಮೇಲೆ ಚಹಾ ಬಿಟ್ಟೆ. ಬೆಳಗಿನ ಜೀವ ಅಂತ ಬರೆದಿತ್ತು, ಎಣಿಸುವ ಕೆಲಸವನ್ನೆಲ್ಲ ಹತ್ತು ಗಂಟೆಯೊಳಗೆ ಮುಗಿಸಿದೆ. ಲಾರಿ ನಂಬರನ್ನು ಸೀಮೆಸುಣ್ಣದಲ್ಲಿ ಬರೆದು, ಜೋರಾಗಿ ಓದಿ, ಆಮೇಲೆ ಗೇಟು ತೆಗೆಸುತ್ತೇನೆ. ಆರು ತಿಂಗಳಾಯಿತು, ಒಂದು ಲಾರಿಯೂ ದಾರಿ ತಪ್ಪಿಲ್ಲ. ಗೋದಾಮಿನ ಕೀಲಿ ಈಗ ನನ್ನ ಸೊಂಟದಲ್ಲಿದೆ.

ಹೋದ ತಿಂಗಳು ಅದೇ ರಿಪೋರ್ಟು ಹಿಡಿದು ವಾಗ್ಳೆ ಎಸ್ಟೇಟಿನ ನಿಮ್ಮ ಮನೆಗೆ ಬಂದೆ, ನಿನ್ನೆದುರು ಕೂತು ಓದಿದೆ. ಅಪ್ಪ ಇದ್ದಷ್ಟು ದಿನ ವಾಚ್‌ಮನ್ ಕುರ್ಚಿಯಲ್ಲಿ ಕಲ್ಲಿನ ಹಾಗೆ ಕೂರುತ್ತಿದ್ದ. ಅಂದಮೇಲೆ ಇದು ಯಾರದು ಅಂತ ಕೇಳಿದೆ. ಹಾಲು ಉಕ್ಕಿಸಿದವರು ಯಾರು, ಚಪ್ಪಲಿ ಬಸ್ಸಿನಲ್ಲಿ ಬಿಟ್ಟವರು ಯಾರು, ಪ್ಯಾಕಿಂಗ್ ಕಂಪನಿಯಲ್ಲಿ ಡಬ್ಬಿಯ ಲೆಕ್ಕ ತಪ್ಪಿ ಮೂರು ಕೆಲಸ ಕಳಕೊಂಡವರು ಯಾರು ಅಂತ ಒಂದೊಂದಾಗಿ ಕೇಳಿದೆ. ನೀನೇ ಕೊಟ್ಟಿದ್ದಕ್ಕೆ ನೀನೇ ಬರೆ ಹಾಕಿದೆ ಅಂದೆ. ನೀನು ನನ್ನ ಎಡಗೈ ಹಿಡಿದು, "ತಪ್ಪಾತೋ ಯಪ್ಪಾ" ಅಂದೆ. ಆ ಮಾತಿಗೆ ನಾನು ಇಪ್ಪತ್ತು ವರ್ಷ ಕಾದಿದ್ದೆ.

ಈಗ ಕೇಳು. ಇದು ಉಗುಳಿನಿಂದ ಹತ್ತುವುದಿಲ್ಲ. ಮುದ್ದಿನಿಂದ ಹತ್ತುವುದಿಲ್ಲ. ಹುಟ್ಟಿನಿಂದ ಬರುತ್ತದೆ. ದಿಶಾಗೆ ಬರುವುದಿದ್ದರೆ ನಿನ್ನಿಂದ ಅನಸೂಯಾಗೆ, ಅವಳಿಂದ ಕೂಸಿಗೆ ಆಗಲೇ ಬಂದಾಗಿದೆ. ನೀನು ದೂರ ನಿಂತು ಉಳಿಸುವಂಥದ್ದೇನೂ ಇಲ್ಲ. ಅದಕ್ಕೇ ಎತ್ತಿಕೋ. ನಾಳೆ ಅವಳು ಒಂದು ಕಡೆ ಕೂರದೆ ಓಡಿದರೆ ಒಲೆಯ ಕಡೆ ನೋಡಬೇಡ, ನನ್ನ ಕೈ ನೆನಪು ಮಾಡಿಕೋ.

ನಿನ್ನ ಗುರುತು ಹೊತ್ತು ತಿರುಗುವ ಮಗ,
ಸಂಗಮೇಶ

ತಾ.ಕ.: ಅನಸೂಯಾ, ಇಲ್ಲಿಂದ ಮುಂದೆ ಮನಸ್ಸಿನಲ್ಲೇ ಓದಿಕೋ. ಅವ್ವನಿಗೆ ಕೇಳಿಸಬಾರದು. ಆ ನಳಿಗೆಯಲ್ಲಿದ್ದದ್ದು ನನ್ನ ಉಗುಳಲ್ಲ. ಅರ್ಧ ಗಂಟೆ ಬಾಯಿಗೆ ಏನೂ ಹಾಕಬಾರದು ಅಂತ ಬರೆದಿದ್ದರು. ನನ್ನ ಬಾಯಲ್ಲಿ ಗುಟ್ಕಾ ಇತ್ತು, ನಳಿಗೆ ಒಯ್ಯುವವನು ಬಾಗಿಲಲ್ಲಿ ನಿಂತಿದ್ದ, ನನಗೆ ಕಾಯಲು ಆಗಲಿಲ್ಲ. ಆಗಷ್ಟೇ ಹಲ್ಲುಜ್ಜಿ ಬಂದ, ನನ್ನ ಜೊತೆ ರೂಮಿನಲ್ಲಿರುವ ಮಯೂರ್ ಕೈಲಿ ಉಗುಳಿಸಿ ಕಳಿಸಿಬಿಟ್ಟೆ. ಆಮೇಲೆ ಮರೆತೆ, ನಿಜವಾಗಿಯೂ ಮರೆತೆ. ನೆನಪಾದದ್ದು ಅವತ್ತು ನಿಮ್ಮ ಮನೆಯಲ್ಲಿ, ಎರಡನೇ ಪುಟ ಓದುವಾಗ. ಅಷ್ಟರಲ್ಲಿ ಅವ್ವ ಅಳಲು ಶುರುಮಾಡಿದ್ದಳು. ನಾನು ಮೂರನೇ ಪುಟ ತಿರುವಿದೆ.

ಅವಳಿಗೆ ಹೇಳಿದರೆ ಆ "ತಪ್ಪಾತು" ವಾಪಸ್ ಕೊಡಬೇಕಾಗುತ್ತದೆ. ಕೊಡಲಾರೆ. ಪತ್ರ ಮುಗೀತೇನು ಅಂತ ಕೇಳಿದರೆ, ಮುಗೀತು ಅನ್ನು.