ಅಜ್ಜಾಮೆಯ ದನಿ

ಭಾನುವಾರ, ಮಧ್ಯಾಹ್ನ

ಅಮ್ಮನಿಗೆ ಮಗಳ ನಮಸ್ಕಾರ.

ನಿಂತುಕೊಂಡು ಓದುತ್ತಿದ್ದರೆ ಮೊದಲು ಕೂತುಕೋ. ಗಾಬರಿಪಡುವಂಥದ್ದೇನೂ ಇಲ್ಲ. ಚೂಟಿ ಚೆನ್ನಾಗಿದ್ದಾಳೆ, ನಿನ್ನ ಅಳಿಯ ಚೆನ್ನಾಗಿದ್ದಾರೆ, ನಾನೂ ಕನ್ನಡಕದ ಅಂಗಡಿಯ ಕೆಲಸಕ್ಕೆ ಹೋಗಿ ಬಂದು ಮಾಡಿಕೊಂಡಿದ್ದೇನೆ. ಹಾಗಾದರೆ ಫೋನಿನಲ್ಲೇ ಹೇಳಬಹುದಿತ್ತಲ್ಲ ಅನ್ನುತ್ತೀಯ. ಎಷ್ಟೋ ಸಲ ಬಾಯಿ ತೆರೆದೆ ಅಮ್ಮ. ನಿನ್ನ ಮಂಡಿನೋವು, ಮೇಲಿನ ಮನೆಯವರ ಸೋರುವ ನಲ್ಲಿ, ಇವುಗಳ ನಡುವೆ ನನ್ನ ಮಾತು ಬಂದ ದಾರಿಯಲ್ಲೇ ವಾಪಸು ಹೋಯಿತು. ಅದೂ ಅಲ್ಲದೆ ಈ ವಿಷಯ ಎತ್ತಿದ ಕೂಡಲೇ ನೀನು "ಒಲೆ ಮೇಲೆ ಹಾಲಿಟ್ಟಿದ್ದೀನಿ ಕಣೇ" ಅಂತ ಫೋನ್ ಇಟ್ಟುಬಿಡುತ್ತೀಯ. ಕಾಗದವಾದರೆ ಕೆಳಗಿಟ್ಟರೂ ಮತ್ತೆ ಕೈಗೆ ತಗೊಳ್ಳಬಹುದು.

ಇದು ಆ ಮನುಷ್ಯನ ವಿಷಯ. ನಮ್ಮ ಮನೆಯಲ್ಲಿ ಅವರಿಗೆ ಬೇರೆ ಹೆಸರೇ ಉಳಿದಿರಲಿಲ್ಲವಲ್ಲ. ನನಗೆ ಒಂಬತ್ತು ವರ್ಷವಿದ್ದಾಗ ಅವರು ಅಕಾರ್ಡಿಯನ್ ಪೆಟ್ಟಿಗೆ ಹಿಡಿದು ವಾದ್ಯಗೋಷ್ಠಿಯವರ ವ್ಯಾನು ಹತ್ತಿದರು, ತಿರುಗಿ ಬರಲಿಲ್ಲ. ಅವತ್ತಿನಿಂದ ಅಪ್ಪ ಅನ್ನುವ ಮಾತು ನಮ್ಮ ಮನೆಯಲ್ಲಿ ಬಳಕೆ ತಪ್ಪಿತು. ರೇಡಿಯೋ ಕೂಡ ಬೀರುವಿನ ಮೇಲೆ ಹೋಯಿತು.

ಒಂದು ನಿಮಿಷ, ಎದ್ದು ಹೋಗಿ ಬಂದೆ. ಬೆಳಗಿನಿಂದ ಹೀಗೇ ಆಗುತ್ತಿದೆ. ಎರಡು ಸಾಲು ಬರೆಯುವುದು, ಪಕ್ಕದ ಕೋಣೆಗೆ ಇಣುಕುವುದು, ಕಿಟಕಿ ತೆಗೆಯುವುದು, ಮತ್ತೆ ಮುಚ್ಚುವುದು.

ಚೂಟಿ ದಿನವೆಲ್ಲ ಹಾಡುವ ಹಾಡುಗಳನ್ನು ನೀನು ಕೇಳಿದ್ದೀಯ. ಅವು ಅವಳು ನೋಡುವ ಕಾರ್ಟೂನಿನ ಹಾಡುಗಳು. ಒಂದು ಕೆರೆ, ದಡದಲ್ಲಿ ಕಪ್ಪೆಮರಿ, ಬಾತುಮರಿ, ಮೊಲದ ಮರಿ, ಅವಕ್ಕೆಲ್ಲ ಅಜ್ಜನಂಥ ಒಂದು ಮುದಿ ಆಮೆ. ಅಜ್ಜನೂ ಹೌದು ಆಮೆಯೂ ಹೌದು, ಅದಕ್ಕೇ ಅಜ್ಜಾಮೆ. ಅಜ್ಜಾಮೆಗೆ ಮಾತು ಕಡಿಮೆ, ಎಲ್ಲಕ್ಕೂ ಹಾಡು. ಕೈ ತೊಳೆಯುವುದಕ್ಕೊಂದು, ಹಲ್ಲುಜ್ಜುವುದಕ್ಕೊಂದು, ಜಾರುಬಂಡೆಯ ಹತ್ತಿರ ಸರದಿಗೆ ಕಾಯುವುದಕ್ಕೊಂದು, ಜಗಳವಾಡಿದ ಮೇಲೆ ರಾಜಿಯಾಗುವುದಕ್ಕೊಂದು. ನೀನು ಬಂದಾಗಲೆಲ್ಲ ನಮ್ಮ ಮನೆಯ ಟೀವಿ ರಿಮೋಟು ಕಾಣೆಯಾಗುತ್ತಿತ್ತು. ಬಚ್ಚಿಡುತ್ತಿದ್ದವಳು ನಾನೇ.

ಹೋದ ವರ್ಷ ಒಂದು ಸಂಜೆ ತರಕಾರಿ ಹೆಚ್ಚುತ್ತಿದ್ದೆ. ಹಾಲ್‌ನಿಂದ ಆ ಹಾಡು ಬಂತು. "ತಡಿ ತಡಿ ತಡಿಯೋ ಮರಿ, ಕೆರೆಯೇನು ಓಡಿ ಹೋಗಲ್ಲ." ಎರಡನೆಯ ಸಾಲು ಎತ್ತುವ ಮುಂಚೆ ಹಾಡುವವರು ಒಂದು ಸಣ್ಣ ಉಸಿರು ತಗೊಂಡರು, ಭಾರದ ಚೀಲ ಎತ್ತುವವರು ತಗೊಳ್ಳುವ ಹಾಗೆ. ಚಿಕ್ಕವಳಿದ್ದಾಗ ಆ ಉಸಿರನ್ನು ನಾನು ಆ ಮನುಷ್ಯನ ಬೆನ್ನಿಗೆ ಕಿವಿಯಿಟ್ಟು ಕೇಳಿದವಳು. ಚಾಕು ಕೈಯಲ್ಲೇ ಇತ್ತು. ಹೋಗಿ ಟೀವಿ ಆರಿಸಬೇಕು ಅಂದುಕೊಂಡೆ. ಹೋದವಳು ದನಿ ಜಾಸ್ತಿ ಮಾಡಿ ಬಂದೆ.

ನಿನ್ನ ಅಳಿಯನಿಗೂ ಹೇಳಲಿಲ್ಲ. ಹೇಳಿ ಏನು ಮಾಡಲಿ? ಕಂಡವರ ಮಕ್ಕಳಿಗೆಲ್ಲ ಕೈ ತೊಳೆಯುವುದನ್ನು ಕಲಿಸುತ್ತಿರುವ ಈ ದನಿ ನನ್ನ ಕೈ ತೊಳೆಸಿದ್ದು ನೆನಪಿಲ್ಲ ಅಂತಲೇ? ಆದರೂ ಸಂಜೆ ಆ ಹೊತ್ತಿಗೆ ಅಡುಗೆಮನೆಯಲ್ಲಿ ಏನಾದರೊಂದು ಕೆಲಸ ಹುಡುಕಿಕೊಂಡು ನಿಲ್ಲುತ್ತಿದ್ದೆ.

ಈಗ್ಗೆ ಕೆಲವು ತಿಂಗಳ ಹಿಂದೆ ಆ ದನಿ ಬದಲಾಯಿತು. ಅದೇ ಆಮೆ, ಅದೇ ಚಿಪ್ಪು, ಹೊಸ ಹಾಡು, ಆದರೆ ಹಾಡಿದವರು ಬೇರೆ. ಚೂಟಿ ಎದ್ದು ಬಂದು ನನ್ನ ಸೆರಗು ಜಗ್ಗಿದಳು. "ಅಮ್ಮಾ, ಯಾರೋ ಬೇರೆಯವ್ರು ಅಜ್ಜಾಮೆ ಚಿಪ್ಪು ಹಾಕ್ಕೊಂಡಿದ್ದಾರೆ." ಅವಳು ಅವತ್ತು ಊಟ ಮಾಡಲಿಲ್ಲ. ಮಗು ಹೀಗೆ ಊಟ ಬಿಟ್ಟರೆ ಹೇಗೆ, ಕೇಳಿಯಾದರೂ ಬರೋಣ ಅಂತ ನಾನು ಹೊರಟೆ.

ಇಲ್ಲ, ಇಲ್ಲಿ ತಿದ್ದಬೇಕು. ಚೂಟಿ ಊಟ ಬಿಟ್ಟದ್ದು ಅದೊಂದೇ ಹೊತ್ತು. ಮಾರನೆಯ ದಿನ ಹೊಸ ದನಿಯ ಜೊತೆಯಲ್ಲೇ ಕುಣಿಯುತ್ತಿದ್ದಳು. ತುತ್ತು ಇಳಿಯದೆ ಇದ್ದದ್ದು ನನಗೆ. ಅಂಗಡಿಯಲ್ಲಿ ಒಬ್ಬರ ಎಡಗಣ್ಣಿನ ಗಾಜನ್ನು ಬಲಕ್ಕೆ ಕೂರಿಸಿ ಕೊಟ್ಟು ಮಾಲೀಕರಿಂದ ಬೈಸಿಕೊಂಡೆ. ಸತ್ತುಹೋದರೋ ಏನೋ, ಸತ್ತಿದ್ದರೆ ನನಗೆ ಯಾರು ತಿಳಿಸುತ್ತಾರೆ ಅನ್ನುವುದೇ ತಲೆಯಲ್ಲಿ ತಿರುಗುತ್ತಿತ್ತು.

ಆ ಕಾರ್ಟೂನಿನವರ ಸ್ಟುಡಿಯೋ ಇರುವುದು ಸೋಫಾ ಮಾರುವ ಅಂಗಡಿಯ ಮೇಲೆ. ಮೆಟ್ಟಿಲಿನ ಗೋಡೆಗೂ ರತ್ನಗಂಬಳಿ ಬಡಿದಿದ್ದಾರೆ, ಸದ್ದು ಹೋಗದಿರಲಿ ಅಂತ. ಒಳಗೆ ಕೊರಳಲ್ಲಿ ಹೆಡ್‌ಫೋನು ತೂಗುಹಾಕಿಕೊಂಡಿದ್ದ ಒಬ್ಬ ಹೆಂಗಸು, ಅಲ್ಲಿಯ ಹಾಡುಗಳನ್ನೆಲ್ಲ ರೆಕಾರ್ಡು ಮಾಡುವವಳು. ಅಜ್ಜಾಮೆಯನ್ನು ನೋಡಬೇಕಿತ್ತು ಅಂದೆ.

"ಹಳೇ ಅಜ್ಜಾಮೆನೋ ಹೊಸ ಅಜ್ಜಾಮೆನೋ?"

"ಹಳೇದು."

ಅವಳು ಕುರ್ಚಿ ತೋರಿಸಿದಳು. ನಾನು ಕೂರಲಿಲ್ಲ. "ಇಲ್ಲೇ ಆಗಿದ್ದು," ಅಂದಳು. "ಹಾಡ್ತಾ ಹಾಡ್ತಾ ಕೈಯಲ್ಲಿದ್ದ ಹಾಳೆ ಕೆಳಗೆ ಬಿತ್ತು. ಪದ ಎಲ್ಲಾ ಕಲಸಿಹೋಯ್ತು. ತಮಾಷೆ ಮಾಡ್ತಿದ್ದಾರೆ ಅಂದ್ಕೊಂಡು ನಾವು ಗಾಜಿನ ಈಚೆ ನಗ್ತಾ ಇದ್ವಿ. ಅವರು ಯಾವಾಗ್ಲೂ ನಗಿಸೋರೇ ಅಲ್ವಾ." ನನ್ನ ಮುಖ ನೋಡಿ, "ನಿಮ್ಮನ್ನ ಎಲ್ಲೋ ನೋಡಿದ ಹಾಗಿದೆ," ಅಂದಳು. ನೋಡಿರಲಿಕ್ಕಿಲ್ಲ. ನನ್ನ ಹಣೆ ಅವರದೇ ಅಂತ ಹಿಂದೆ ನೀನೇ ಬೈಯುವಾಗ ಅನ್ನುತ್ತಿದ್ದೆಯಲ್ಲ, ಅದಿರಬೇಕು. ಆ ದಿನದ ರೆಕಾರ್ಡಿಂಗು ಇದೆ, ಕೇಳುತ್ತೀರಾ ಅಂದಳು. ಬೇಡ ಅಂದೆ, ಅವರನ್ನು ಇಟ್ಟಿರುವ ಆರೈಕೆ ಕೇಂದ್ರದ ವಿಳಾಸ ಇಸಿದುಕೊಂಡು ಇಳಿದುಬಂದೆ.

ಪಾರ್ಶ್ವವಾಯು. ಬಲಗೈ, ಬಲಗಾಲು, ಮಾತು. ಇಷ್ಟು ವರ್ಷ ಆಸ್ಪತ್ರೆಯಲ್ಲಿ ವಾರ್ಡು ನೋಡಿಕೊಂಡವಳು ನೀನು, ನಿನಗೆ ವಿವರಿಸಬೇಕಿಲ್ಲ. ಆರೈಕೆ ಕೇಂದ್ರದ ಬಾಗಿಲಲ್ಲಿದ್ದವಳು ಎಲ್ಲರನ್ನೂ ಕೇಳುವ ಹಾಗೆ ನನ್ನನ್ನೂ ಕೇಳಿದಳು. "ಅವರು ನಿಮಗೆ ಏನಾಗಬೇಕು?"

"ಅಪ್ಪ ಆಗಬೇಕು," ಅಂದೆ. ಎಲ್ಲರೂ ಆಡುವ ಮಾತೇ. ಆದರೆ ಬಾಯಿಂದ ಹೊರಬಿದ್ದ ಮೇಲೆ ನನ್ನ ಕಿವಿಗೇ ಬೇರೆ ಥರ ಕೇಳಿಸಿತು. ಆಗಬೇಕು, ಇನ್ನೂ ಆಗಿಲ್ಲ, ಅನ್ನುವ ಹಾಗೆ.

ಬಹಳ ಚಿಕ್ಕವರಾಗಿಬಿಟ್ಟಿದ್ದಾರೆ ಅಮ್ಮ. ಬಲಗೈ ಯಾರೋ ಮರೆತು ಹೋದ ವಸ್ತುವಿನ ಹಾಗೆ ತೊಡೆಯ ಮೇಲೆ ಬಿದ್ದಿತ್ತು. ನನ್ನನ್ನು ನೋಡಿದರು, ನೋಡುತ್ತಲೇ ಇದ್ದರು. ಆಮೇಲೆ ಎಡಗೈಯನ್ನು ಮಂಚದ ಪಕ್ಕಕ್ಕೆ ಚಾಚಿ, ಒಂದು ಹುಡುಗಿಯ ತಲೆ ಎಷ್ಟೆತ್ತರಕ್ಕೆ ಬರುತ್ತದೋ ಅಷ್ಟರಲ್ಲಿ ಹಿಡಿದರು. ಅಲ್ಲಿಂದ ಮೆಲ್ಲಗೆ ಮೇಲೆತ್ತುತ್ತ ಎತ್ತುತ್ತ ನನ್ನ ತಲೆಯ ಎತ್ತರಕ್ಕೆ ತಂದು ನಿಲ್ಲಿಸಿದರು. "ಅದೇ, ಅದೇ, ಅದೇ," ಅಂದರು. ಆಗ ಅವರಿಗೆ ಬರುತ್ತಿದ್ದದ್ದು ಅದೊಂದೇ ಮಾತು. ನೀರು ಬೇಕಾದರೂ ಅದೇ, ನೋವಾದರೂ ಅದೇ.

ಮನೆಗೆ ಕರೆದುಕೊಂಡು ಬಂದೆ. ಬರೆದುಬಿಟ್ಟೆ, ಇನ್ನು ಅಳಿಸುವುದಿಲ್ಲ. ಪಕ್ಕದ ಕೋಣೆಗೆ ಇಣುಕುತ್ತಿದ್ದೇನೆ ಅಂದೆನಲ್ಲ, ಅಲ್ಲಿ ಮಲಗಿರುವವರು ಅವರು. ನಿನ್ನ ಅಳಿಯನಿಗೆ ಎಲ್ಲವನ್ನೂ ಹೇಳಿದೆ. "ಮನೇಲಿ ಮೂರು ಜನ ಒಟ್ಟಿಗೇ ಮಾತಾಡ್ತೀವಿ. ಒಬ್ರಾದ್ರೂ ಸುಮ್ನಿರೋರು ಬರಲಿ ಬಿಡು," ಅಂದರು. ಅವರ ಸ್ವಭಾವ ನಿನಗೆ ಗೊತ್ತಲ್ಲ.

ಆದರೆ ಬಂದವರು ಸುಮ್ಮನಿರುವವರಲ್ಲ ಅನ್ನುವುದು ಎರಡನೆಯ ದಿನವೇ ಗೊತ್ತಾಯಿತು. ಬಚ್ಚಲಿನ ಹತ್ತಿರ ನಿಲ್ಲಿಸಿಕೊಂಡು ಕೈಗೆ ಸೋಪು ಹಾಕಿದೆ. ಇದ್ದಕ್ಕಿದ್ದ ಹಾಗೆ ಹಾಡಿದರು, ಒಂದಕ್ಷರವೂ ತಪ್ಪದೆ.

"ಕೈಗೆ ಕೈಯ ಉಜ್ಜು ಉಜ್ಜು, ನೊರೆಯ ಬೆಟ್ಟ ಕಟ್ಟು."

ಮಾತು ಹೋದವರಿಗೆ ಹಾಡು ಉಳಿದಿರುವುದುಂಟು ಅಂತ ಮಾತು ಕಲಿಸಲು ಬರುವ ಹುಡುಗಿ ಆಮೇಲೆ ಹೇಳಿದಳು. ಅದೂ ಸಾವಿರ ಸಲ ಹಾಡಿ ನಾಲಗೆಗೆ ಅಂಟಿದವು ಮಾತ್ರ. ಅವರ ನಾಲಗೆಗೆ ಅಂಟಿದ್ದದ್ದು ಅಜ್ಜಾಮೆ.

ಚೂಟಿ ಬಾಗಿಲಲ್ಲಿ ನಿಂತಿದ್ದಳು. ಅವರ ಹಿಂದಕ್ಕೆ ಹೋಗಿ ಅಂಗಿಯ ತುದಿ ಎತ್ತಿ ಬೆನ್ನು ನೋಡಿದಳು. "ಚಿಪ್ಪೆಲ್ಲಿ?" ಅಂತ ಕೇಳಿದಳು. "ಅದೇ, ಅದೇ," ಅಂದರು. ಅವಳು ನನ್ನ ಕಡೆ ತಿರುಗಿ, "ಒಗೆಯೋಕೆ ಹಾಕಿದ್ದಾರಂತೆ," ಅಂದಳು.

ಆವತ್ತಿನಿಂದ ನಮ್ಮ ಮನೆ ನಡೆಯುತ್ತಿರುವುದೇ ಆ ಹಾಡುಗಳ ಮೇಲೆ. ಬಚ್ಚಲಿಗೆ ಹೋಗಬೇಕಾದರೆ ನೊರೆಯ ಹಾಡು. ನಾನು ಅವಸರ ಮಾಡಿದರೆ "ತಡಿ ತಡಿ ತಡಿಯೋ ಮರಿ." ನಿನ್ನ ಅಳಿಯ ತಡವಾಗಿ ಬಂದರೆ ಬಾತುಮರಿ ದಾರಿ ತಪ್ಪಿದ ಹಾಡು. ನಗು ಬರುತ್ತದೆ, ನಕ್ಕೂಬಿಡುತ್ತೇನೆ. ನಕ್ಕ ಮೇಲೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಒಂದೇ ಒಂದು ಹಾಡನ್ನು ಮಾತ್ರ ಅವರು ಹಾಡುತ್ತಿರಲಿಲ್ಲ. ಅದು ರಾಜಿಯಾಗುವ ಹಾಡು. "ತಪ್ಪಾಯ್ತಪ್ಪ ತಪ್ಪಾಯ್ತು, ಚಿಪ್ಪಲ್ಲಡಗಿ ಕೂತ್ರೂನೂ ಮೂಗು ಹೊರಗೇ ಉಳಿದೋಯ್ತು." ಮಕ್ಕಳೆಲ್ಲ ಹಾಡುವುದು ಅದನ್ನೇ. ಚೂಟಿ ಎಷ್ಟು ಗೋಗರೆದರೂ ತುಟಿ ಬಿಗಿಹಿಡಿದು ತಲೆಯಾಡಿಸುತ್ತಿದ್ದರು. ಒಂದು ದಿನ ಬೇಕೆಂದೇ ನಾನು ಹಾಸಿಗೆ ಕೊಡವುತ್ತ ಮೊದಲ ಸಾಲು ಗುನುಗಿದೆ. ಮಿಕ್ಕ ಹಾಡುಗಳಾದರೆ ಒಂದು ಸಾಲು ಕೇಳಿದ ಕೂಡಲೇ ಮುಂದಿನದು ತಾನಾಗಿ ಬಂದುಬಿಡುತ್ತದೆ. ಅವತ್ತು ಗೋಡೆಯ ಕಡೆ ಮುಖ ತಿರುಗಿಸಿದರು. ಕಂಡಕಂಡ ಮಕ್ಕಳಿಗೆ ಹಾಡಿದ್ದನ್ನು ನನಗೊಂದು ಸಲ ಹಾಡಿದ್ದರೆ ಇವರ ಗಂಟೇನು ಹೋಗುತ್ತಿತ್ತು? ಅಂಗಡಿಯಲ್ಲಿ ಗಾಜು ಉಜ್ಜುತ್ತ ಉಜ್ಜುತ್ತ ಅದನ್ನೇ ಯೋಚಿಸುತ್ತಿದ್ದೆ. ವಾಪಸು ಬಿಟ್ಟುಬರೋಣ ಅಂತಲೂ ಒಂದೆರಡು ದಿನ ಅನ್ನಿಸಿತು.

ಮೊನ್ನೆ ಗುರುವಾರ ಅವರ ಉಗುರು ತೆಗೆಯುತ್ತಿದ್ದೆ. ಚೂಟಿ ನೆಲದ ಮೇಲೆ ಕೂತು ಆಡುತ್ತಿದ್ದಳು. ಅವರು "ತ" ಅಂದರು. ಮತ್ತೆ "ತ, ತ" ಅಂದರು. ಹಾಡನ್ನೂ ಅದೇ ಅನ್ನುವುದನ್ನೂ ಬಿಟ್ಟು ಬೇರೆ ಅಕ್ಷರ ಹೊರಡಿಸಿದ್ದು ಅದೇ ಮೊದಲು. ತಟ್ಟೆಯಾ? ತಲೆನೋವಾ? ತಣ್ಣೀರಾ? ನಾನು ಒಂದೊಂದೇ ಕೇಳುತ್ತ ಹೋದೆ. ಕುತ್ತಿಗೆಯ ನರ ಉಬ್ಬಿತ್ತು, ಎಡಗೈಯಿಂದ ಹಾಸಿಗೆ ಗುದ್ದುತ್ತಿದ್ದರು. ಚೂಟಿಗೆ ಪಾಪ, ಸಹಾಯ ಮಾಡೋಣ ಅನ್ನಿಸಿರಬೇಕು, "ತಪ್ಪಾಯ್ತಪ್ಪ" ಅಂತ ಹಾಡು ಶುರು ಮಾಡಿದಳು. ಅವರು ಕೈ ಎತ್ತಿ ಅವಳನ್ನು ತಡೆದರು. ಮತ್ತೆ ನನ್ನ ಮುಖ ನೋಡಿಕೊಂಡು, ರಾಗವಿಲ್ಲದೆ, ತಾಳವಿಲ್ಲದೆ, ಕಲ್ಲು ಹೊರಳಿಸುವ ಹಾಗೆ ಹೊರಳಿಸಿ ಹೇಳಿದರು.

"ತಪ್ಪು. ಆಯ್ತು."

ಹಾಡಲಿಲ್ಲ ಅಮ್ಮ, ಆಡಿದರು. ಹಾಡಿದ್ದರೆ ಅದು ಅಜ್ಜಾಮೆಯದಾಗುತ್ತಿತ್ತು. ಯಾರೋ ಬರೆದು ಕೊಟ್ಟದ್ದನ್ನು ನನಗೆ ಕೊಡಬಾರದು ಅಂತ ಇಷ್ಟು ದಿನ ಬಾಯಿ ಕಟ್ಟಿಕೊಂಡಿದ್ದರು.

ನಾನು ಪರವಾಗಿಲ್ಲ ಅನ್ನಲಿಲ್ಲ. ಪರವಾಗಿಲ್ಲ ಅಂತ ನನಗೆ ಅನ್ನಿಸಿರಲೂ ಇಲ್ಲ. ಉಳಿದ ಬೆರಳುಗಳ ಉಗುರು ತೆಗೆದೆ. ಒಂದು ಕಡೆ ಸ್ವಲ್ಪ ಆಳಕ್ಕೆ ಹೋಯಿತು. ಅವರು ಕೈ ಹಿಂದಕ್ಕೆಳೆದುಕೊಳ್ಳಲಿಲ್ಲ.

ಈಗ ಹಗುರವಾಗಬೇಕಿತ್ತು ಅಲ್ಲವೇ? ಆಗಿಲ್ಲ. ಗುರುವಾರದಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಇಷ್ಟು ವರ್ಷ ಒಂದು ಕೋಪವಿತ್ತು, ಅದಕ್ಕೆ ಒರಗಿಕೊಂಡು ನಿಂತಿದ್ದೆ. ಈಗ ಅದನ್ನು ಯಾರೋ ಎತ್ತಿ ಬೇರೆ ಕಡೆ ಇಟ್ಟ ಹಾಗಿದೆ. ನಿನ್ನನ್ನು ನೆನೆದರಂತೂ ಇನ್ನೂ ಕಷ್ಟ. ರಾತ್ರಿ ಪಾಳಿ, ಹಗಲು ಪಾಳಿ ಮಾಡಿ ನನ್ನನ್ನು ಸಾಕಿದವಳು ನೀನು. ತಪ್ಪಾಯ್ತು ಅನ್ನುವ ಮಾತು ಮೊದಲು ಬರಬೇಕಾಗಿದ್ದದ್ದು ನಿನ್ನ ಹತ್ತಿರಕ್ಕೆ. ಅದನ್ನು ನಾನು ನಡುದಾರಿಯಲ್ಲಿ ಇಸಿದುಕೊಂಡ ಹಾಗಾಯಿತು.

ಮುಂದಿನ ತಿಂಗಳು ನೀನು ಬರಬೇಕು. ನಿನ್ನ ಕೋಣೆಯಲ್ಲಿ ಅವರಿದ್ದಾರೆ. ನಿನ್ನ ಮಂಚ ಚೂಟಿಯ ಕೋಣೆಗೆ ಹಾಕಿಸಿದ್ದೇನೆ, ಕಿಟಕಿಯ ಪಕ್ಕ. ಬರಲೇಬೇಕು ಅಂತ ಹೇಳುತ್ತಿಲ್ಲ. ಅಲ್ಲ, ಅದನ್ನೇ ಹೇಳುತ್ತಿದ್ದೇನೆ. ಕ್ಷಮಿಸು ಅಂತ ಕೇಳುತ್ತಿಲ್ಲ, ಅದು ನಿನಗೆ ಬಿಟ್ಟದ್ದು, ನನಗೂ ಇನ್ನೂ ಕ್ಷಮಿಸಲಾಗಿಲ್ಲ. ಬಾ, ಬಂದು ಬೈಯಿ. ಎಷ್ಟು ಬೇಕಾದರೂ ಬೈಯಬಹುದು, ಎದುರು ಮಾತಾಡಲು ಅವರಿಗೆ ಬಾಯಿಲ್ಲ. ಹೆಚ್ಚೆಂದರೆ ತಡಿ ತಡಿ ಅಂತ ಹಾಡಿಯಾರು.

ಎಂದಿಗೂ ನಿನ್ನ ಕಡೆಯವಳೇ ಆದ,
ಮಗಳು

ಮರೆಯುವ ಮುಂಚೆ: ಇಷ್ಟನ್ನೂ ಅವರಿಗೆ ಓದಿ ಹೇಳಿದೆ. ಅವರು ಚಿಕ್ಕವರಾಗಿಬಿಟ್ಟಿದ್ದಾರೆ ಅನ್ನುವುದನ್ನೂ, ವಾಪಸು ಬಿಟ್ಟುಬರೋಣ ಅನ್ನಿಸಿತು ಅನ್ನುವುದನ್ನೂ ಬಿಟ್ಟು ಓದಿದೆ. ಮುಗಿದ ಮೇಲೆ ಸನ್ನೆ ಮಾಡಿ ಪೆನ್ನು ಕೇಳಿದರು. ಕೆಳಗಿರುವ ಗೀಚು ಎಡಗೈಯಲ್ಲಿ ಅವರು ಬರೆದದ್ದು. ಸಂಜೆಯಾಗುವ ತನಕ ಕೂತಿದ್ದರು, ನಡುವೆ ಎರಡು ಸಲ ಹಾಳೆ ನನ್ನಿಂದ ಮರೆಮಾಡಿದರು. ನನಗೆ ಓದಲು ಆಗಲಿಲ್ಲ. ನಿನಗೆ ಓದಲಾದರೆ ಏನೆಂದು ನನಗೆ ಹೇಳಬೇಡ.